ಹತ್ತು ಸೆಕೆಂಡಿಗೆ ನಿಂತುಹೋಗುವ ರೈಲ್‌ಬಸ್

ಕೊರೋನಾ ಇಳಿದು ಜನ ಮಾಸ್ಕು ಬಿಟ್ಟು ಆಗಲೇ ಎರಡು ವರ್ಷ ಕಳೆದಿತ್ತು. ನಾನು ಶಿಕಾರಿಪುರದ ಒಂದು ಖಾಸಗಿ ಶ್ರವಣ ಕೇಂದ್ರದಲ್ಲಿ ತಂತ್ರಜ್ಞನಾಗಿದ್ದೆ. ನಿವೃತ್ತಿಗೆ ಇನ್ನು ಒಂದೂವರೆ ವರ್ಷ ಬಾಕಿ. ಕಿವಿ ಪರೀಕ್ಷೆ ಮಾಡಿ, ಯಾರಿಗೆ ಯಾವ ಯಂತ್ರ ಬೇಕು ಎಂದು ತೀರ್ಮಾನಿಸುವವರು ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು. ನಮ್ಮ ವೀಣಾ ಮೇಡಂ ಶಿವಮೊಗ್ಗದಿಂದ ಬುಧವಾರ ಮಾತ್ರ ಬರುತ್ತಿದ್ದರು. ಮಿಕ್ಕ ದಿನಗಳಲ್ಲಿ ಕಿವಿಯ ಅಚ್ಚು ತೆಗೆಯುವುದು, ಗುಗ್ಗೆ ಕಟ್ಟಿದ ಯಂತ್ರ ಬಿಚ್ಚಿ ಶುಚಿ ಮಾಡುವುದು, ಕಡಿದುಹೋದ ತಂತಿ ಬೆಸೆಯುವುದು, ಮೇಡಂ ಹೇಳಿದ ಸೆಟ್ಟಿಂಗುಗಳನ್ನು ಕಂಪ್ಯೂಟರಿನಿಂದ ಯಂತ್ರಕ್ಕೆ ತುಂಬುವುದು ನನ್ನ ಕೆಲಸ. ತಿಂಗಳ ಎರಡನೇ ಶನಿವಾರ ಸೊರಬದಲ್ಲಿ ಕ್ಯಾಂಪ್ ಇರುತ್ತಿತ್ತು, ಅದಕ್ಕೂ ಮೇಡಂ ಬರುತ್ತಿದ್ದರು. ಶ್ರವಣ ಸಾಧನ ಎಂಬ ಹೆಸರು ನಮ್ಮ ಬೋರ್ಡಿನ ಮೇಲೆ ಮಾತ್ರ. ಜನ ಅದನ್ನು ಕಿವಿ ಮಿಷನ್ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ನಮ್ಮ ತಂದೆ ಇದೇ ಊರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಸೋಲ್ಡರಿಂಗ್ ಐರನ್ ಹಿಡಿಯುವುದನ್ನು ಅವರ ಮೇಜಿನ ಪಕ್ಕದಲ್ಲೇ ಕಲಿತೆ. ಕಿವಿ ಮಿಷನ್ನಿನ ಒಳಗಿನ ಸ್ಪೀಕರು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅಂಥದ್ದನ್ನು ಬೆಸೆಯುವ ಕೈ ಸುತ್ತಮುತ್ತ ಹೆಚ್ಚು ಜನರಿಗೆ ಇರಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂದದ್ದು ಅದೇ ಕಾರಣಕ್ಕೆ.

ಸೊರಬದ ಕ್ಯಾಂಪಿಗೆ ಆ ಶನಿವಾರ ಗಿರಿಜಮ್ಮ ಟೀಚರ್ ಒಂದು ಸ್ಟೀಲ್ ಟಿಫಿನ್ ಡಬ್ಬಿ ಹಿಡಿದುಕೊಂಡು ಬಂದರು. ಅರವತ್ತೆಂಟರ ಆಸುಪಾಸು, ಹೈಸ್ಕೂಲಿನಲ್ಲಿ ಗಣಿತ ಮತ್ತು ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಮಾಸ್ಕಿನ ಕಾಲದಲ್ಲಿ ಎದುರಿನವರ ತುಟಿ ಕಾಣದೆ ಮಾತು ತಿಳಿಯದಾದಾಗ ನಮ್ಮಲ್ಲಿಗೆ ಬಂದು ಎರಡೂ ಕಿವಿಗೆ ಮಿಷನ್ ಹಾಕಿಸಿಕೊಂಡಿದ್ದರು. ಮೂರು ವರ್ಷದಿಂದ ಬ್ಯಾಟರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಂದವರಲ್ಲ. ದೂರಿಲ್ಲದ ಗಿರಾಕಿ ಎಂದು ನಾನು ಸಮಾಧಾನದಿಂದಿದ್ದೆ.

ಡಬ್ಬಿಯಲ್ಲಿ ಹತ್ತಿಯ ನಡುವೆ ಒಂದು ಪುಟ್ಟ ರೈಲ್‌ಬಸ್ ಮಲಗಿತ್ತು.

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್ ಗೇಜ್ ಹಳಿ ಇದ್ದ ಕಾಲದಲ್ಲಿ ಅದರ ಮೇಲೆ ರೈಲ್‌ಬಸ್ ಓಡುತ್ತಿದ್ದುದು ನಮ್ಮ ಕಡೆಯ ಹಿರಿಯರಿಗೆ ನೆನಪಿರುತ್ತದೆ. ನೋಡಲು ಬಸ್ಸು, ಓಡುವುದು ಹಳಿಯ ಮೇಲೆ. ಹಳಿ ಅಗಲವಾದ ಮೇಲೆ ಅದು ಹೋಯಿತು. ಟೀಚರ್ ಸಾಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಅದೇ ದಾರಿಯ ಒಂದು ಹಳ್ಳಿಯ ಶಾಲೆಗೆ ವರ್ಷಗಟ್ಟಲೆ ಅದರಲ್ಲೇ ಓಡಾಡಿದ್ದರಂತೆ. ನಿವೃತ್ತಿಯ ನಂತರ ಅದರ ಮಾದರಿಯನ್ನು ತಾವೇ ಕೂತು ಮಾಡಿದ್ದರು. ನಿಜವಾದದ್ದರ ಎಂಬತ್ತೇಳನೇ ಒಂದು ಭಾಗದ ಅಳತೆ. ಕೆಳಗಿನ ಚಕ್ರ ಮತ್ತು ಮೋಟಾರು ತರಿಸಿದ್ದು, ಮೇಲಿನ ಮೈಯೆಲ್ಲ ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿದ್ದು. ಕಿಟಕಿಯ ಸರಳು ಒಂದೊಂದೂ ಹೊಲಿಗೆ ದಾರದಷ್ಟು ಸಣ್ಣ.

"ಇದು ಓಡತ್ತೆ ಸಲೀಂ, ಆದ್ರೆ ಮೂಕಿ," ಎಂದರು. "ಮುಂದೆ ಒಂದು ದೀಪ ಇದೆ, ಅದೂ ಮಿಣುಕು. ಸದ್ದು ಹಾಕ್ಬೇಕು, ಒಳಗೂ ದೀಪ ಹಾಕ್ಬೇಕು. ನನ್ನ ಕಣ್ಣು ಈಗ ಅಷ್ಟು ಸಣ್ಣದಕ್ಕೆ ಆಗಲ್ಲ. ನಿಮ್ಮ ಕೈಲಿ ಆಗತ್ತೆ ಅಂತ ಗೊತ್ತು."

"ನಾನು ರೈಲಿನ ಕೆಲಸ ಯಾವತ್ತೂ ಮಾಡಿಲ್ಲ ಟೀಚರ್."

"ಕಿವಿಯೊಳಗೆ ಸ್ಪೀಕರ್ ಕೂರಿಸೋರಿಗೆ ಬಸ್ಸಿನೊಳಗೆ ಕೂರಿಸೋದು ಕಷ್ಟ ಏನ್ರೀ? ಆ ಎಂಜಿನ್ ಸದ್ದು ಇನ್ನೊಂದು ಸಲ ಕೇಳ್ಬೇಕು ನಾನು."

ಕ್ಯಾಂಪು ಮುಗಿಸಿ ಅವರ ಮನೆಗೆ ಹೋದೆ. ಹಾಲಿನ ಗೋಡೆಯುದ್ದಕ್ಕೂ ಹಲಗೆ ಹಾಸಿ, ಅದರ ಮೇಲೆ ಹನ್ನೆರಡು ಮಿಲಿಮೀಟರ್ ಅಗಲದ ಹಳಿ ಸುತ್ತು ಹೊಡೆದಿತ್ತು. ಒಂದು ಸಣ್ಣ ನಿಲ್ದಾಣ, ಒಂದು ಕಲ್ಲಿನ ಬೆಂಚು. ಅವರ ಯಜಮಾನರು ಚನ್ನಬಸಪ್ಪನವರು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಮಾತುಗಾರರು. ನಾವು ಹಳಿ ನೋಡುತ್ತಿದ್ದಾಗ ಮಹಡಿಯಿಂದ ನೀರು ಧಾರೆಯಾಗಿ ಅಂಗಳಕ್ಕೆ ಬೀಳತೊಡಗಿತು. ಚನ್ನಬಸಪ್ಪನವರು ಎದ್ದೋಡಿ ಮೋಟಾರ್ ಸ್ವಿಚ್ ಆರಿಸಿ ಬಂದರು. ಟೀಚರ್ ಮುಖ ಸಣ್ಣದಾಯಿತು. ಟ್ಯಾಂಕು ತುಂಬಿ ಹರಿಯುವುದು ಯಾರ ಮನೆಯಲ್ಲಿ ಇಲ್ಲ ಎಂದುಕೊಂಡು ನಾನು ಮತ್ತೆ ಹಳಿ ನೋಡತೊಡಗಿದೆ.

ಕೆಲಸವನ್ನು ಸ್ವಲ್ಪ ವಿವರಿಸಬೇಕು. ಇಂಥ ಮಾದರಿಗಳಲ್ಲಿ ಹಳಿಯೇ ವಿದ್ಯುತ್ತಿನ ತಂತಿ. ಹಳಿಯಲ್ಲಿ ಹದಿನಾಲ್ಕು ವೋಲ್ಟಿನಷ್ಟು ವಿದ್ಯುತ್ತಿನ ಜೊತೆಗೇ ಅಪ್ಪಣೆಯೂ ಹರಿಯುತ್ತದೆ: ಹೊರಡು, ನಿಲ್ಲು, ದೀಪ ಹಚ್ಚು, ಹಾರ್ನ್ ಹೊಡೆ. ಬಂಡಿಯೊಳಗಿರುವ ಡಿಕೋಡರ್ ಎಂಬ ಸಣ್ಣ ಬೋರ್ಡು ಆ ಅಪ್ಪಣೆಯನ್ನು ಓದಿ ಪಾಲಿಸುತ್ತದೆ. ಟೀಚರ್ ಬಳಿ ಇದ್ದ ಹಳೆಯ ಡಿಕೋಡರಿಗೆ ಸದ್ದು ಗೊತ್ತಿರಲಿಲ್ಲ. ಸದ್ದನ್ನು ನಾವೇ ತುಂಬಬಹುದಾದ ಇನ್ನೊಂದನ್ನು ತರಿಸಿದೆವು. ಮೂರು ಸೆಂಟಿಮೀಟರ್ ಉದ್ದ, ಒಂದೂವರೆ ಅಗಲ. ಸ್ಪೀಕರು ಅದರ ಅರ್ಧ.

ಬರೀ ಸ್ಪೀಕರ್ ಇಟ್ಟರೆ ಸದ್ದು ಬರುವುದಿಲ್ಲ, ಕೀರಲು ಬರುತ್ತದೆ. ಮುಂದಿನಿಂದ ಹೊರಟ ಸದ್ದನ್ನು ಹಿಂದಿನಿಂದ ಹೊರಟದ್ದು ಕೊಂದುಹಾಕುತ್ತದೆ. ಅದಕ್ಕೆ ಹಿಂಬದಿಯಲ್ಲಿ ಗಾಳಿಯಾಡದ ಡಬ್ಬಿ ಬೇಕು. ಟೀಚರ್ ಕೊಟ್ಟ ಪ್ಲಾಸ್ಟಿಕ್ ಹಾಳೆಯಿಂದಲೇ ಸಕ್ಕರೆ ಅಚ್ಚಿನಷ್ಟು ದೊಡ್ಡ ಡಬ್ಬಿ ಮಾಡಿ, ಅಂಚಿಗೆಲ್ಲ ಅಂಟು ಬಳಿದೆ. ಹಿಂದಿನ ನಾಲ್ಕು ಸೀಟು ತೆಗೆದರೆ ಮಾತ್ರ ಅದಕ್ಕೆ ಜಾಗ. ಫೋನಿನಲ್ಲಿ ಕೇಳಿದೆ. "ಹಿಂದಿನ ಸೀಟು ಬೇಡ, ನಾನು ಕೂರ್ತಿದ್ದುದು ಅಲ್ಲೇ. ಮುಂದಿನದು ತೆಗೀರಿ," ಎಂದರು. ಡಿಕೋಡರನ್ನು ಹಿಂದಕ್ಕೆ ಸರಿಸಿ ಚಾವಣಿಗೆ ಅಂಟಿಸಿ, ಸ್ಪೀಕರನ್ನು ಮುಂದೆ ಕೂರಿಸುವ ಹೊತ್ತಿಗೆ ಎರಡು ಭಾನುವಾರ ಮುಗಿದಿದ್ದವು.

ಒಳದೀಪಕ್ಕೆ ನಾಲ್ಕು ಸಣ್ಣ ಎಲ್‌ಇಡಿ. ಮೊದಲು ಬೆಳ್ಳನೆಯದು ಹಾಕಿದ್ದೆ. "ಇದೇನು, ಆಪರೇಷನ್ ಥಿಯೇಟರ್ರೇ?" ಎಂದು ಫೋಟೋ ನೋಡಿಯೇ ಬೇಡವೆಂದರು. ಹಳದಿಯವನ್ನು ಹಾಕಿ, ವಿದ್ಯುತ್ತು ತಡೆಯುವ ಒಂದು ಸಾವಿರ ಓಮಿನ ರೆಸಿಸ್ಟರ್ ಬದಲು ನಾಲ್ಕು ಸಾವಿರದ ಏಳುನೂರರದನ್ನು ಕೊಟ್ಟಾಗ ಬೆಳಕು ತಗ್ಗಿ, ಸಂಜೆ ಮನೆಗೆ ಮರಳುವ ಬಸ್ಸಿನ ಕಳೆ ಬಂತು.

ಸದ್ದು ಎಲ್ಲಿಂದ ತರುವುದು? ರೈಲ್‌ಬಸ್ಸೇ ಇಲ್ಲ. ಶಿಕಾರಿಪುರದ ಒಂದು ಗ್ಯಾರೇಜಿನಲ್ಲಿ ನಿಂತಿದ್ದ ಹಳೆಯ ಡೀಸೆಲ್ ಬಸ್ಸಿನ ಬಾನೆಟ್ ತೆಗೆಸಿ, ಸ್ಟಾರ್ಟ್ ಮಾಡಿದ್ದು, ನಿಂತಲ್ಲೇ ಗುಡುಗಿದ್ದು, ಏರಿದ್ದು, ಇಳಿದದ್ದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡೆ. ಕಂಪ್ಯೂಟರಿನಲ್ಲಿ ತುಂಡು ಮಾಡಿ ಡಿಕೋಡರಿಗೆ ತುಂಬಿದೆ. ನಮ್ಮ ಮನೆಯ ಮೇಜಿನ ಮೇಲೆ ಒಂದು ಅಡಿ ಹಳಿ ಇಟ್ಟು ಪರೀಕ್ಷಿಸಿದಾಗ ಪಕ್ಕದ ಕೋಣೆಯಿಂದ ನನ್ನ ಹೆಂಡತಿ, "ಹೊರಗೆ ಯಾವ ಬಸ್ಸು ಬಂತು?" ಎಂದು ಕೇಳಿದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ.

ಮರುದಿನ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸೊರಬಕ್ಕೆ ಹೋದೆ.

ಟೀಚರ್ ಹಲಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಗುಂಡಿ ಒತ್ತಿದೆ. ಎಂಜಿನ್ ಕೆಮ್ಮಿ ಎದ್ದಿತು. ಅವರ ಮುಖ ಅರಳಿತು. ರೈಲ್‌ಬಸ್ ಹೊರಟು ಅರ್ಧ ಸುತ್ತು ಹೋಗುವಷ್ಟರಲ್ಲಿ ಹುಬ್ಬು ಗಂಟಾಯಿತು.

"ನಿಂತುಹೋಯ್ತು."

"ಓಡ್ತಾ ಇದೆಯಲ್ಲ ಟೀಚರ್."

"ಬಂಡಿ ಓಡ್ತಿದೆ. ಸದ್ದು ನಿಂತುಹೋಯ್ತು."

ಚನ್ನಬಸಪ್ಪನವರು, "ಎಂತ ಮಾರಾಯ್ತಿ, ಗಡಗಡ ಅಂತಿದೆ. ಥೇಟ್ ಅದೇ," ಎಂದರು. ಹಾರ್ನ್ ಒತ್ತಿದೆ. "ಹಾರ್ನ್ ಕೇಳ್ತು," ಎಂದರು ಟೀಚರ್. "ಎಂಜಿನ್ ಇಲ್ಲ." ನಿಲ್ಲಿಸಿ ಮತ್ತೆ ಹೊರಡಿಸಿದೆ. ಹತ್ತು ಸೆಕೆಂಡು ಕೇಳಿತು, ಆಮೇಲೆ ಹೋಯಿತು. ಪ್ರತಿ ಸಲವೂ ಹಾಗೇ.

ನನಗೂ ಚನ್ನಬಸಪ್ಪನವರಿಗೂ ಕೇಳುವ ಸದ್ದು ಅವರಿಗೆ ಮಾತ್ರ ಕೇಳದಿದ್ದರೆ, ಸದ್ದು ಸಾಲದು ಎಂದು ತಿಳಿಯುವುದು ಸಹಜ. ಶಿಕಾರಿಪುರಕ್ಕೆ ತಂದು ಡಬ್ಬಿಯನ್ನು ಇನ್ನೂ ಬಿಗಿ ಮಾಡಿದೆ, ವಾಲ್ಯೂಮ್ ಏರಿಸಿದೆ. ಎರಡನೇ ಸಲ ಒಯ್ದೆ, ಅದೇ ಕಥೆ. ಹಳಿಯ ಕೊಳೆಯಿಂದ ವಿದ್ಯುತ್ತು ಕಡಿಯುತ್ತಿರಬಹುದೆಂದು ಸ್ಪಿರಿಟ್ಟಿನಲ್ಲಿ ಹಳಿಯನ್ನೆಲ್ಲ ಒರೆಸಿ, ಕ್ಷಣಕಾಲ ವಿದ್ಯುತ್ತು ಹಿಡಿದಿಡುವ ಕೆಪಾಸಿಟರನ್ನು ಸೀಟುಗಳ ಕೆಳಗೆ ಹುದುಗಿಸಿ ಮೂರನೇ ಸಲ ಒಯ್ದೆ. ಮೀಟರ್ ಹಿಡಿದು ನೋಡಿದರೆ ಸ್ಪೀಕರಿಗೆ ಹೋಗುವ ವಿದ್ಯುತ್ತು ಒಂದಿಷ್ಟೂ ಅಲುಗುತ್ತಿರಲಿಲ್ಲ. ಟೀಚರ್ ಮಾತ್ರ ಗೋಡೆ ಗಡಿಯಾರ ನೋಡುತ್ತಾ ಎಣಿಸಿ, "ಹೋಯ್ತು," ಎಂದರು.

ಆವತ್ತು ಹೊರಡುವಾಗ ಚನ್ನಬಸಪ್ಪನವರು ಗೇಟಿನ ತನಕ ಬಂದರು.

"ಸಲೀಂ ಸಾಬ್ರೇ, ಇನ್ನು ಬಿಟ್ಬಿಡಿ. ಅದು ನಿಮ್ಮ ಸ್ಪೀಕರಿನ ದೋಷ ಅಲ್ಲ. ಇವಳಿಗೆ ಮರೆವು ಶುರುವಾಗಿದೆ. ಮೋಟಾರ್ ಹಾಕಿ ಮರೀತಾಳೆ, ಫ್ಯಾನ್ ಹಾಕಿಟ್ಟು ಹೋಗ್ತಾಳೆ. ಗ್ಯಾಸ್ ಸಣ್ಣಗೆ ಉರೀತಾ ಇರತ್ತೆ, ಇವಳು ಇಲ್ಲಿ ಹಳಿ ಮುಂದೆ. ಒಂದಿನ ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆ. ಮೂರು ತಿಂಗಳಿಂದ ಒಲೆ ಹಚ್ಚೋದು ನಾನೇ. ಶಿವಮೊಗ್ಗದಲ್ಲಿ ನರದ ಡಾಕ್ಟರಿಗೆ ಹೆಸರು ಬರೆಸಿದೀನಿ." ಇಷ್ಟು ಹೇಳಿ ಅವರು ಬೇರೆ ಕಡೆ ನೋಡಿದರು.

ನಾನು ಮೀಟರ್ ಮರೆತು ಬಂದಿದ್ದೆ. ಒಳಗೆ ಹೋದರೆ ಟೀಚರ್ ಕಿಟಕಿಯ ಹತ್ತಿರ ನಿಂತಿದ್ದರು.

"ಅವರು ಎಂತ ಹೇಳಿದ್ರು ಅಂತ ಗೊತ್ತು ಸಲೀಂ. ತುಟಿ ಓದೋದು ಬರತ್ತೆ ನನಗೆ," ಎಂದು ಮೀಟರನ್ನು ನನ್ನ ಕೈಗೆ ಕೊಟ್ಟರು. "ಇನ್ನೊಂದು ಸಲ ಬನ್ನಿ. ಆಗ್ಲೂ ನನಗೆ ಕೇಳದಿದ್ರೆ ಇದನ್ನ ಯಾರಾದ್ರೂ ಮಕ್ಕಳಿರೋ ಮನೆಗೆ ಕೊಟ್ಬಿಡ್ತೀನಿ. ಮಿಷನ್ನೂ ತೆಗೆದಿಡ್ತೀನಿ. ಇಲ್ಲದ್ದನ್ನ ಇದೆ ಅಂತ, ಇದ್ದದ್ದನ್ನ ಇಲ್ಲ ಅಂತ ಹೇಳೋಳ ಹತ್ರ ಇವೆಲ್ಲ ಯಾಕೆ?"

ಅದನ್ನು ಅವರು ಪಾಠ ಹೇಳುವ ಧ್ವನಿಯಲ್ಲೇ ಹೇಳಿದರು. ಬಸ್ಸಿನಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ.

ನಾಲ್ಕನೇ ಸಲ ಹೋದಾಗ ನನ್ನ ಕೈಯಲ್ಲಿ ಹೊಸ ಉಪಾಯ ಯಾವುದೂ ಇರಲಿಲ್ಲ. ಸ್ಪೀಕರ್ ಬದಲಿಸಿದ್ದೆ, ಅಷ್ಟೆ. ಚನ್ನಬಸಪ್ಪನವರು ಅಂಗಡಿಯಲ್ಲಿದ್ದರು. ರೈಲ್‌ಬಸ್ ಸುತ್ತು ಹಾಕುತ್ತಿತ್ತು. ಟೀಚರಿಗೆ ಆಗಲೇ ಸದ್ದು ನಿಂತುಹೋಗಿತ್ತು. ಅದೇ ಹೊತ್ತಿಗೆ ಬ್ಯಾಟರಿ ಮುಗಿಯುತ್ತಾ ಬಂದ ಸೂಚನೆಯಾಗಿ ಅವರ ಮಿಷನ್ ಕೀಂಗುಟ್ಟಿತು. ಎರಡನ್ನೂ ಕಿವಿಯಿಂದ ತೆಗೆದು ನನ್ನ ಮುಂದಿಟ್ಟರು. ನಾನು ಬ್ಯಾಟರಿ ಬದಲಿಸುತ್ತಿದ್ದೆ. ಅವರು ಹಲಗೆಯ ಮೇಲೆ ಮೊಣಕೈ ಊರಿ, ಅಂಗೈಗೆ ಗಲ್ಲ ಕೊಟ್ಟು, ದಣಿದವರ ಹಾಗೆ ಬಾಗಿ ಕೂತಿದ್ದರು.

ಇದ್ದಕ್ಕಿದ್ದಂತೆ ಕೈ ಎತ್ತಿದರು. "ಓಡ್ತಾ ಇದೆ."

ನಾನು ತಲೆ ಎತ್ತಿದೆ. ಅವರ ಕಣ್ಣು ಗೋಡೆ ಗಡಿಯಾರದ ಮೇಲಿತ್ತು. ಹತ್ತು ಸೆಕೆಂಡು ಕಳೆಯಿತು. ಇಪ್ಪತ್ತು. ಒಂದು ನಿಮಿಷ. ರೈಲ್‌ಬಸ್ ನಿಲ್ದಾಣ ದಾಟಿ ಎರಡನೇ ಸುತ್ತಿಗೆ ಬಂತು. "ನಿಂತಿಲ್ಲ," ಎಂದು ಅವರು ಸಣ್ಣ ಹುಡುಗಿಯ ಹಾಗೆ ನಕ್ಕರು. ಬ್ಯಾಟರಿ ಹಾಕಿದ ಮಿಷನ್ ಕೊಟ್ಟೆ. ಕಿವಿಗೆ ಏರಿಸಿಕೊಂಡರು.

"ಕೇಳ್ತಿದೆ. ಕೇಳ್ತಿದೆ..." ಕೈ ಕೆಳಗಿಳಿಯಿತು. "ಹೋಯ್ತು."

ಮಿಷನ್ನನ್ನು ಮತ್ತೆ ತೆಗೆಯಲು ಕೈಸನ್ನೆ ಮಾಡಿದೆ. ತೆಗೆದರು, ಕೇಳಿತು. ಹಾಕಿಕೊಂಡರು, ಹತ್ತು ಸೆಕೆಂಡಿಗೆ ಹೋಯಿತು. ಮೂರು ಸಲ ಹಾಗೆ ಮಾಡಿದೆವು. ಆಮೇಲೆ ರೈಲ್‌ಬಸ್ ನಿಲ್ಲಿಸಿ, ಸೀಲಿಂಗ್ ಫ್ಯಾನ್ ಹಾಕಿ, ಮಿಷನ್ ಕಿವಿಯಲ್ಲೇ ಇರಲಿ, ಮೇಲೆ ನೋಡಬೇಡಿ ಎಂದೆ. ಫ್ಯಾನು ಹಳೆಯದು, ಗರಗರ ಸದ್ದು. ಅದೂ ಅವರಿಗೆ ಕೆಲವು ಸೆಕೆಂಡು ಕೇಳಿ ಮಾಯವಾಯಿತು.

ಕಾರಣ ನನಗೆ ಗೊತ್ತಿದ್ದದ್ದೇ. ಗಿರಾಕಿಗಳಿಗೆ ದಿನಾ ಹೆಮ್ಮೆಯಿಂದ ವಿವರಿಸುತ್ತಿದ್ದದ್ದೇ. ಈಗಿನ ಮಿಷನ್ನುಗಳು ಮಾತನ್ನೂ ಗದ್ದಲವನ್ನೂ ಬೇರೆ ಮಾಡುತ್ತವೆ. ಮಾತು ಏರಿಳಿಯುತ್ತದೆ, ಫ್ಯಾನು, ಮೋಟಾರು, ಎಂಜಿನ್ನು ಒಂದೇ ಸಮ ಇರುತ್ತವೆ. ಒಂದೇ ಸಮನೆಯ ಸದ್ದು ಕೆಲವು ಸೆಕೆಂಡು ಮುಂದುವರಿದರೆ ಮಿಷನ್ ಅದನ್ನು ಗದ್ದಲವೆಂದು ತಿಳಿದು ತಗ್ಗಿಸಿಬಿಡುತ್ತದೆ. ಎಷ್ಟು ತಗ್ಗಿಸಬೇಕು ಎಂಬುದು ನಾವು ಹಾಕುವ ಸೆಟ್ಟಿಂಗ್. ಜೊತೆಗೆ, ವಯಸ್ಸಿನಲ್ಲಿ ಕಿವಿ ಮಂದವಾದ ಬಹಳ ಜನರ ಹಾಗೆ ಟೀಚರಿಗೆ ಕಡಿಮೆಯಾಗಿದ್ದುದು ಕೀಚಲು ಸ್ವರಗಳು ಮಾತ್ರ. ಎಂಜಿನ್ನಿನಂಥ ದಪ್ಪ ಸ್ವರಗಳನ್ನು ಅವರ ಕಿವಿ ಚೆನ್ನಾಗಿಯೇ ಹಿಡಿಯುತ್ತಿತ್ತು. ಆದರೆ ಅವರ ಮಿಷನ್ನಿನ ತುದಿಗೆ ತೂತಿಲ್ಲದ ರಬ್ಬರ್ ಟೋಪಿ ಇತ್ತು. ಅದು ಕಿವಿಗೆ ಬಿರಡೆ ಹಾಕಿದಂತೆ. ಹೊರಗಿನ ದಪ್ಪ ಸದ್ದು ನೇರವಾಗಿ ಒಳಗೆ ಬರುವಂತಿಲ್ಲ; ಮಿಷನ್ ಕೊಟ್ಟಷ್ಟೇ ಕೇಳಬೇಕು. ಮಿಷನ್ ಕೊಡುತ್ತಿರಲಿಲ್ಲ.

"ಟೀಚರ್, ನೀರಿನ ಮೋಟಾರ್ ಹಾಕಿದಾಗ ಏನಾಗತ್ತೆ, ಹೇಳಿ."

"ಏನಾಗತ್ತೆ? ಹಾಕಿ ಒಳಗೆ ಬರ್ತೀನಿ. ಅಷ್ಟರಲ್ಲಿ ಕರೆಂಟ್ ಹೋಗತ್ತೆ. ಆಮೇಲೆ ಸ್ವಿಚ್ ಆರಿಸೋದು ಮರ್ತುಬಿಡ್ತೀನಿ."

"ಹಗಲಲ್ಲಿ ಕರೆಂಟ್ ಹೋಗಿದ್ದು ನಿಮಗೆ ಹ್ಯಾಗೆ ಗೊತ್ತಾಗತ್ತೆ?"

"ಸದ್ದು ನಿಂತುಹೋಗತ್ತಲ್ಲ..."

ವಿಜ್ಞಾನ ಹೇಳಿದವರು. ವಾಕ್ಯ ಮುಗಿಯುವ ಮೊದಲೇ ಅವರಿಗೆ ಎಲ್ಲ ತಿಳಿದುಹೋಯಿತು. ಗದ್ದಲ ತಗ್ಗಿಸುವ ಸೆಟ್ಟಿಂಗಿನ ಬಗ್ಗೆ ನಾನು ಹೇಳಿದ್ದನ್ನು ಫ್ಯಾನ್ ನೋಡುತ್ತಲೇ ಕೇಳಿಸಿಕೊಂಡರು. ಕೊನೆಗೆ ಕೇಳಿದರು: "ಈ ಸೆಟ್ಟಿಂಗ್ ಹಾಕಿದ್ದು ಯಾರು?"

"ಫೈಲ್ ನೋಡಿ ಹೇಳ್ತೀನಿ," ಎಂದೆ.

ಹಿಂತಿರುಗುವ ಬಸ್ಸಿನಲ್ಲಿ ಅದು ವೀಣಾ ಮೇಡಂ ಹಾಕಿದ್ದಾಗಿರಲಿ ಎಂದು ನಾನು ಬಯಸಿದ್ದು ನಿಜ. ಕೇಂದ್ರಕ್ಕೆ ಬಂದು ಬೀಗ ತೆಗೆದು ಕಂಪ್ಯೂಟರ್ ಹಚ್ಚಿದೆ. ಯಾರು ಯಾವ ದಿನ ಏನು ಬದಲಿಸಿದರು ಎಂಬುದನ್ನು ಸಾಫ್ಟ್‌ವೇರ್ ತಾನೇ ಬರೆದಿಡುತ್ತದೆ. ಮೇಡಂ ಹಾಕಿದ್ದು ತೂತಿರುವ ಟೋಪಿ, ಗದ್ದಲ ತಗ್ಗಿಸುವುದು ಸಾಧಾರಣ ಮಟ್ಟ. ಒಂದು ವಾರದ ನಂತರದ ನಮೂದಿನಲ್ಲಿ ಗದ್ದಲ ತಗ್ಗಿಸುವುದು ಗರಿಷ್ಠ, ಟೋಪಿ ತೂತಿಲ್ಲದ್ದು. ಅದರ ಮುಂದೆ ನನ್ನ ಹೆಸರು.

ಆಗ ನೆನಪಾಯಿತು. ಮಿಷನ್ ಹಾಕಿಸಿಕೊಂಡ ವಾರಕ್ಕೆ ಟೀಚರ್ ಬಂದು, ಫ್ಯಾನಿನ ಸದ್ದು ತಲೆ ಕೊರೆಯುತ್ತದೆ, ಒಮ್ಮೊಮ್ಮೆ ಕುಯ್ಯೆನ್ನುತ್ತದೆ ಎಂದಿದ್ದರು. ಹೊಸಬರು ಎಲ್ಲರೂ ಹಾಗೆ ಹೇಳುತ್ತಾರೆ. ಹೊರಗೆ ಜನ ಕಾಯುತ್ತಿದ್ದರು. ಸದ್ದು ಹೊರಗೆ ಸೋರಿ ಕುಯ್ಯೆನ್ನದಂತೆ ಟೋಪಿಯನ್ನೂ, ಜೊತೆಗೆ ಸೆಟ್ಟಿಂಗನ್ನೂ ಎರಡು ನಿಮಿಷದಲ್ಲಿ ಬದಲಿಸಿ, "ಒಂದು ತಿಂಗಳು ಇರ್ಲಿ, ಕ್ಯಾಂಪಿಗೆ ಬಂದಾಗ ಮೇಡಂ ನೋಡ್ತಾರೆ," ಎಂದು ಕಳಿಸಿದ್ದೆ. ಮುಂದಿನ ತಿಂಗಳು ಕಾಯಿಲೆಯ ಹಾವಳಿಯಿಂದ ಕ್ಯಾಂಪೇ ನಡೆಯಲಿಲ್ಲ. ಮೇಡಂ ನೋಡುವ ಕಾಗದದ ಕಾರ್ಡಿನಲ್ಲಿ ನಾನು ಏನನ್ನೂ ಬರೆದಿರಲಿಲ್ಲ. ಆ ಜಾಗ ಖಾಲಿ ಇತ್ತು.

ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಆವತ್ತೇ ಯಾಕೆ ಹೇಳಲಿಲ್ಲ ಸಲೀಂ?" ಎಂದು ಒಂದೇ ಮಾತು ಕೇಳಿದರು. ಆಮೇಲೆ, "ಅವರ ಯಜಮಾನರಿಗೂ ಗೊತ್ತಾಗ್ಬೇಕು. ಮುಖತಃ ಹೋಗಿ ಹೇಳಿ. ಡಾಕ್ಟರ್ ಅಪಾಯಿಂಟ್‌ಮೆಂಟ್ ಮಾತ್ರ ಬಿಡೋದು ಬೇಡ, ಹೋಗಿ ಬರ್ಲಿ. ಮರೆವು ಇಲ್ಲ ಅಂತ ನಾವು ಹೇಳೋ ಹಾಗಿಲ್ಲ," ಎಂದರು.

ಐದನೇ ಸಲ ಸೊರಬಕ್ಕೆ ಹೋದಾಗ ನನ್ನ ಕೈಯಲ್ಲಿ ಟಿಫಿನ್ ಡಬ್ಬಿ ಇರಲಿಲ್ಲ, ಕಂಪ್ಯೂಟರಿನಿಂದ ತೆಗೆದ ಒಂದು ಹಾಳೆ ಇತ್ತು. ಇಬ್ಬರನ್ನೂ ಕೂರಿಸಿಕೊಂಡು, ಏನಾಗಿತ್ತು, ಯಾರು ಮಾಡಿದ್ದು ಎಂದು ಹೇಳಿದೆ. ನನ್ನ ಹೆಸರಿನ ಕೆಳಗೆ ಗೆರೆ ಎಳೆದು ತೋರಿಸಿದೆ. ಚನ್ನಬಸಪ್ಪನವರು ಹಾಳೆಯನ್ನು ಎರಡು ಸಲ ಓದಿದರು.

"ಮೂರು ವರ್ಷ," ಎಂದರು. "ನಾನು ಇವಳಿಗೆ ಎಷ್ಟು ಅಂದಿದೀನಿ ಗೊತ್ತಾ ನಿಮಗೆ?"

ನಾನು ತಲೆ ತಗ್ಗಿಸಿದೆ. ಅವರು ಎದ್ದು ಅಡುಗೆಮನೆಗೆ ಹೋದರು. ಬೇಸರದಿಂದ ಹೋದರು ಅಂದುಕೊಂಡೆ. ಗ್ಯಾಸ್ ಲೈಟರ್ ಹಿಡಿದು ಬಂದು ಟೀಚರ್ ಮುಂದೆ ಇಟ್ಟು, "ತಗೋ," ಎಂದರು. ಟೀಚರ್ ಅದನ್ನು ಮುಟ್ಟಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಲೆಕ್ಕ ತಪ್ಪಿದ್ರೆ ನಾನು ಯಾವ ಮಕ್ಕಳಿಗೂ ಬೈದವಳಲ್ಲ ಸಲೀಂ. ಸ್ಟೆಪ್ಸ್ ಬರೀದೆ ಉತ್ತರ ಮಾತ್ರ ಬರೆದ್ರೆ ಬೈತಿದ್ದೆ. ತಪ್ಪು ಎಲ್ಲಿ ಆಯ್ತು ಅಂತ ಹುಡುಕೋಕೆ ದಾರೀನೇ ಇರಲ್ಲ ನೋಡಿ." ಹಾಳೆಯನ್ನು ನನ್ನ ಕಡೆ ಸರಿಸಿ, "ನೀವು ಬರೆದಿದ್ರೆ ಮೇಡಂ ಒಂದೇ ತಿಂಗಳಲ್ಲಿ ಹಿಡೀತಿದ್ರು," ಎಂದರು.

ನಾನು ಒಪ್ಪಿಕೊಂಡೆ. ಅವರ ಸಿಟ್ಟು ಅಂದೇ ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ದಿನ ನನಗೆ ಚಹಾ ಬರಲಿಲ್ಲ. ಅದಕ್ಕೂ ಮೊದಲು ಯಾವತ್ತೂ ಹಾಗೆ ಆಗಿರಲಿಲ್ಲ.

ಮುಂದಿನ ಬುಧವಾರ ಇಬ್ಬರೂ ಶಿಕಾರಿಪುರಕ್ಕೆ ಬಂದರು. ವೀಣಾ ಮೇಡಂ ಹೊಸದಾಗಿ ಪರೀಕ್ಷೆ ಮಾಡಿ, ತೂತಿರುವ ಟೋಪಿ ಹಾಕಿ, ಗದ್ದಲ ತಗ್ಗಿಸುವುದನ್ನು ಕೆಳಕ್ಕಿಳಿಸಿದರು. ಮದುವೆ ಮನೆ, ಬಸ್ ಸ್ಟ್ಯಾಂಡಿನಂಥ ಕಡೆಗೆ ಬೇರೆಯೇ ಒಂದು ಪ್ರೋಗ್ರಾಂ ಮಾಡಿ, ಮಿಷನ್ನಿನ ಗುಂಡಿ ಒತ್ತಿದರೆ ಅದು ಬರುವಂತೆ ಮಾಡಿದರು. ಟೀಚರ್ ಎದ್ದು ಕೋಣೆಯಲ್ಲಿ ಓಡಾಡಿದರು. ಫ್ರಿಜ್ಜಿನ ಮುಂದೆ ನಿಂತು, "ಇದು ಇಷ್ಟೊಂದು ಗೊಣಗತ್ತಾ?" ಎಂದು ಕೇಳಿದರು.

ಎರಡನೇ ಶನಿವಾರ ಕ್ಯಾಂಪು ಮುಗಿದ ಮೇಲೆ ಚನ್ನಬಸಪ್ಪನವರೇ ಸ್ಕೂಟರಿನಲ್ಲಿ ಬಂದು ನನ್ನನ್ನು ಮನೆಗೆ ಕರೆದೊಯ್ದರು. ಕಿಟಕಿ ಮುಚ್ಚಿ ಹಾಲಿನಲ್ಲಿ ಕತ್ತಲು ಮಾಡಿದ್ದರು. ಟೀಚರ್ ತಾವೇ ಗುಂಡಿ ಒತ್ತಿದರು. ಮುಂದಿನ ದೀಪ ಹತ್ತಿತು, ಆಮೇಲೆ ಒಳಗಿನ ಹಳದಿ ದೀಪಗಳು. ಎಂಜಿನ್ ಕೆಮ್ಮಿ ಎದ್ದಿತು. ರೈಲ್‌ಬಸ್ ನಿಲ್ದಾಣ ಬಿಟ್ಟು, ತಿರುವು ದಾಟಿ, ಗೋಡೆಯುದ್ದಕ್ಕೂ ಸಾಗಿ ಮರಳಿ ಬಂತು. ಒಂದು ಸುತ್ತು, ಎರಡು, ಮೂರು. ಟೀಚರ್ ಕಣ್ಣು ಮುಚ್ಚಿಕೊಂಡಿದ್ದರು. ನಾಲ್ಕನೇ ಸುತ್ತಿಗೆ ಕಣ್ಣು ತೆರೆದರು.

"ಸಲೀಂ, ಇದು ಲಾರಿ."

"ಏನಂದ್ರಿ?"

"ರೈಲ್‌ಬಸ್ ಅಲ್ಲ ಇದು. ಹೊರಡೋವಾಗ ಅದು ಹಿಂಗೆ ಗುಟುರು ಹಾಕ್ತಿರಲಿಲ್ಲ, ನಿಧಾನಕ್ಕೆ ಎಳ್ಕೊಂಡು ಹೋಗ್ತಿತ್ತು. ಮತ್ತೆ ಹಳಿ ಜೋಡಣೆ ಟಕ್ ಟಕ್ ಅನ್ನೋದು ಎಲ್ಲಿ? ಅದಿಲ್ದೆ ರೈಲು ಹ್ಯಾಗಾಗತ್ತೆ?"

ಚನ್ನಬಸಪ್ಪನವರು ಬಿದ್ದು ಬಿದ್ದು ನಕ್ಕರು. "ಹೋಗಿ ಸಾಬ್ರೇ, ಹೋಂವರ್ಕ್ ಮತ್ತೆ ಮಾಡ್ಕೊಂಡು ಬನ್ನಿ!" ಎಂದರು. ಟೀಚರ್ ಒಳಗೆ ಹೋಗಿ ಒಲೆ ಹಚ್ಚಿ ಚಹಾಕ್ಕೆ ಇಟ್ಟರು. ಮೂವತ್ತೈದು ವರ್ಷದ ನನ್ನ ವೃತ್ತಿಯಲ್ಲಿ ಮಾಡಿದ ಕೆಲಸವನ್ನು ಗಿರಾಕಿ ಚೆನ್ನಾಗಿಲ್ಲ ಎಂದಾಗ ನನಗೆ ಸಂತೋಷವಾದದ್ದು ಅದೊಂದೇ ಸಲ. ಅವರು ಕೇಳಿಸಿಕೊಂಡು ಹೇಳಿದ್ದರು.

ಆಮೇಲೆ ಎರಡು ತಿಂಗಳು ನಾವಿಬ್ಬರೂ ಆ ಸದ್ದನ್ನು ತಿದ್ದಿದೆವು. ಅವರು ಬಾಯಲ್ಲಿ ಮಾಡಿ ತೋರಿಸುವರು, ನಾನು ಕಂಪ್ಯೂಟರಿನಲ್ಲಿ ಎಳೆದು ಕುಗ್ಗಿಸುವೆ. ಹಳಿ ಜೋಡಣೆಯ ಟಕ್ ಟಕ್ ಅನ್ನು ಕೊನೆಗೆ ಅವರ ಅಡುಗೆಮನೆಯ ಇಕ್ಕಳವನ್ನು ಕಬ್ಬಿಣದ ಪಟ್ಟಿಗೆ ತಟ್ಟಿ ರೆಕಾರ್ಡ್ ಮಾಡಿದೆವು. ನರದ ಡಾಕ್ಟರ್ ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕ ಮರೆವು ಇದೆ, ಅದಕ್ಕಿಂತ ಹೆಚ್ಚಿನದೇನೂ ಕಾಣುವುದಿಲ್ಲ ಎಂದರಂತೆ. ಟ್ಯಾಂಕು ಈಗಲೂ ಒಮ್ಮೊಮ್ಮೆ ತುಂಬಿ ಹರಿಯುತ್ತದೆ. ಆಗ ಯಾರು ಮೋಟಾರ್ ಹಾಕಿದ್ದು ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳುತ್ತಾರೆ.

ಈ ಪ್ರಸಂಗಕ್ಕೆ ಮೊದಲು ನಮ್ಮಲ್ಲಿಗೆ ಬಂದವರನ್ನು ನಾನು ಕೇಳುತ್ತಿದ್ದುದು ಒಂದೇ: ಮಾತು ಕೇಳುತ್ತದೆಯೇ? ಮಾತು ಕೇಳಿದರೆ ಕೆಲಸ ಮುಗಿಯಿತು, ಮಿಕ್ಕಿದ್ದೆಲ್ಲ ಗದ್ದಲ. ಒಬ್ಬರಿಗೆ ಗದ್ದಲವಾದದ್ದು ಇನ್ನೊಬ್ಬರಿಗೆ ಬದುಕಿನ ಅರ್ಧವಿರಬಹುದು ಎಂದು ನಾನು ಕಲಿತದ್ದು ಅಂಗೈ ಉದ್ದದ ಒಂದು ರೈಲ್‌ಬಸ್ಸಿನಿಂದ, ಅದೂ ಒಬ್ಬ ಒಳ್ಳೆಯ ಹೆಂಗಸು ಮೂರು ವರ್ಷ ತನ್ನ ಬುದ್ಧಿಯನ್ನೇ ಶಂಕಿಸಿಕೊಂಡ ಮೇಲೆ. ನಾನು ನಿವೃತ್ತನಾಗುವ ಮೊದಲು ನಮ್ಮ ಕಾರ್ಡಿನಲ್ಲಿ ಇನ್ನೊಂದು ಸಾಲು ಸೇರಿಸಲು ಮೇಡಂ ಒಪ್ಪಿದರು: ನಿಮಗೆ ಯಾವ ಯಾವ ಸದ್ದು ಕೇಳಬೇಕು?

ಆ ಸಾಲಿಗೆ ಮೊದಲು ಉತ್ತರ ಕೊಟ್ಟವರು ಉಡುತಡಿಯಿಂದ ಮಗನ ಜೊತೆ ಬಂದಿದ್ದ ಒಬ್ಬ ಹಿರಿಯ ಹೆಂಗಸು. ಪ್ರಶ್ನೆ ಕೇಳಿ ತಬ್ಬಿಬ್ಬಾದರು. ಮಗ, "ಮಾತು ಕೇಳಿದ್ರೆ ಸಾಕ್ರೀ, ಬ್ಯಾರೇದೇನೂ ಬ್ಯಾಡ," ಎಂದ. ನಾನು ಅವನಿಗೆ ಸ್ವಲ್ಪ ತಾಳು ಎಂದು ಕೈ ತೋರಿಸಿ, ಆಕೆಯ ಮುಂದೆ ಬಾಗಿ, ಅದೇ ಪ್ರಶ್ನೆಯನ್ನು ನಿಧಾನವಾಗಿ ಇನ್ನೊಮ್ಮೆ ಕೇಳಿದೆ.

"ಎಮ್ಮಿ ಹಾಲು ಹಿಂಡೂವಾಗ," ಎಂದರು ಆಕೆ, ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಚರಿಗಿ ತುಂಬಿದ್ದು ಸಪ್ಪಳದಾಗ ಗೊತ್ತಾಗ್ತಿತ್ತು ನೋಡ್ರಿ. ಈಗ ಬಗ್ಗಿ ಬಗ್ಗಿ ನೋಡ್ಬೇಕು."

ಮಗ ತಾಯಿಯ ಮುಖ ನೋಡಿದ. ಅದು ಅವನಿಗೂ ಗೊತ್ತಿರಲಿಲ್ಲ. ನಾನು ಆ ಮಾತನ್ನು ಆಕೆ ಹೇಳಿದ ಹಾಗೆಯೇ ಕಾರ್ಡಿನಲ್ಲಿ ಬರೆದು, ಕೆಳಗೆ ತಾರೀಖು ಹಾಕಿ ರುಜು ಮಾಡಿದೆ.